ಕಾರಿನ ಬ್ರೇಕ್‌ನಿಂದ ಗಾಳಿ ತೆಗೆಯುವುದು: ಮನೆಯಂಗಳದಲ್ಲೇ ಮಾಡಿಕೊಳ್ಳುವವರಿಗೆ ಮಾರ್ಗದರ್ಶಿ

ಘಾಟಿ ಇಳಿದು ಬಂದ ಮೇಲೆ ಬ್ರೇಕ್ ಪೆಡಲ್ ಮೆತ್ತಗಾಗಿದೆ. ಬಾನೆಟ್‌ನ ಒಳಗಿರುವ ಬ್ರೇಕ್ ಆಯಿಲಿನ ಡಬ್ಬಿಗೆ ಸ್ವಲ್ಪ ಆಯಿಲ್ ಸುರಿದರೆ ಸಾಕೇ, ಏರ್ ತೆಗೆಯಲೇಬೇಕೇ, ತೆಗೆಯುವುದಾದರೆ ಮನೆಯಲ್ಲೇ ಮಾಡಿಕೊಳ್ಳಬಹುದೇ? ಮಂಗಳೂರು, ಉಡುಪಿ ಭಾಗದ ಓದುಗರಿಂದ ಈ ಪ್ರಶ್ನೆ ಎಷ್ಟು ಸಲ ಬಂದಿದೆಯೆಂದರೆ, ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಇಡೀ ಕ್ರಮವನ್ನು ಒಂದೆಡೆ ಬರೆದಿಡುವುದೇ ಲೇಸೆನಿಸಿತು. ಬರಿದೇ ಆಯಿಲ್ ಸುರಿದರೆ ಸಾಲದು. ಗಾಳಿ ತೆಗೆಯುವ ಕೆಲಸವನ್ನು ಮನೆಯಲ್ಲಿ ಮಾಡಿಕೊಳ್ಳಬಹುದು. ಅದಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ಆದರೆ ಕ್ರಮದಲ್ಲಿ ಒಂದು ಹೆಜ್ಜೆ ಹಿಂದುಮುಂದಾದರೂ ಹೊರಗೆ ಹೋಗಬೇಕಾದ ಗಾಳಿ ಒಳಗೆ ಬರುತ್ತದೆ.

ಒಳಗೆ ನಡೆಯುವುದೇನು

ಪೆಡಲ್ ಒತ್ತಿದಾಗ ಬಾನೆಟ್‌ನ ಒಳಗಿರುವ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ಸಣ್ಣ ಪೈಪುಗಳ ಮೂಲಕ ನಾಲ್ಕೂ ಚಕ್ರಗಳತ್ತ ದೂಡುತ್ತದೆ. ಮುಂದಿನ ಚಕ್ರದಲ್ಲಿ ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವ ಕ್ಯಾಲಿಪರ್ ಇರುತ್ತದೆ. ಹಿಂದೆ ಡ್ರಮ್ ಇರುವ ಕಾರುಗಳಲ್ಲಿ ಬ್ರೇಕ್ ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರ್ ಇರುತ್ತದೆ. ದ್ರವವು ಒತ್ತಡಕ್ಕೆ ಕುಗ್ಗುವುದಿಲ್ಲವಾದ್ದರಿಂದ ಕಾಲಿನ ಬಲವೆಲ್ಲವೂ ಚಕ್ರಕ್ಕೆ ತಲುಪುತ್ತದೆ. ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗಾಳಿಗುಳ್ಳೆ ಸೇರಿದರೆ ನಿಮ್ಮ ಬಲದ ಒಂದು ಪಾಲು ಆ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಖರ್ಚಾಗಿ, ಪೆಡಲ್ ಸ್ಪಂಜಿನಂತೆ ಮೆತ್ತಗಾಗುತ್ತದೆ. ಪ್ರತಿ ಕ್ಯಾಲಿಪರ್ ಮತ್ತು ವೀಲ್ ಸಿಲಿಂಡರ್‌ನ ಮೇಲ್ಭಾಗದಲ್ಲಿ ಬ್ಲೀಡರ್ ನಿಪ್ಪಲ್ ಎಂಬ ಟೊಳ್ಳು ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ ಹಳೆಯ ಆಯಿಲನ್ನೂ ಗಾಳಿಯನ್ನೂ ಹೊರದೂಡುವುದಕ್ಕೇ ಬ್ಲೀಡಿಂಗ್ ಎನ್ನುವುದು.

ನಮ್ಮ ಕರಾವಳಿಯಲ್ಲಿ ಇದಕ್ಕೆ ಹೆಚ್ಚಿನ ಮಹತ್ವವಿದೆ. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣದ್ದು. ಕಾರು ಓಡಲಿ, ಶೆಡ್ಡಿನಲ್ಲೇ ನಿಂತಿರಲಿ, ರಬ್ಬರ್ ಹೋಸ್‌ಗಳ ಮೂಲಕವೂ ಡಬ್ಬಿಯ ಮುಚ್ಚಳದ ಮೂಲಕವೂ ನೀರಿನಂಶ ನಿಧಾನವಾಗಿ ಸೇರುತ್ತಲೇ ಇರುತ್ತದೆ. ಡಾಟ್ 3, ಡಾಟ್ 4 ಎಂಬುವು ಬ್ರೇಕ್ ಆಯಿಲಿನ ದರ್ಜೆಗಳು. ಹೊಸ ಡಾಟ್ 3 ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4ರದ್ದು 230 ಡಿಗ್ರಿ ಇರಬೇಕೆಂಬುದು ಮಾನದಂಡ. ಅದೇ ಆಯಿಲಿಗೆ ಶೇಕಡ 3.7ರಷ್ಟು ನೀರು ಸೇರಿದಾಗಿನ ಕನಿಷ್ಠ ಮಟ್ಟ ಕ್ರಮವಾಗಿ 140 ಮತ್ತು 155 ಡಿಗ್ರಿ ಮಾತ್ರ. ಆಗುಂಬೆಯಿಂದ ಸೋಮೇಶ್ವರಕ್ಕೆ, ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಚಕ್ರದ ಬಳಿಯ ಶಾಖಕ್ಕೆ ಇಂಥ ಹಳೆಯ ಆಯಿಲ್ ಕುದಿದು ಆವಿಯಾಗಬಹುದು, ಆಗ ಪೆಡಲ್ ನೆಲಕ್ಕೆ ಇಳಿಯುತ್ತದೆ. ತಣಿದ ಮೇಲೆ ಪೆಡಲ್ ಪುನಃ ಗಟ್ಟಿಯಾಗುವುದರಿಂದ ಎಷ್ಟೋ ಮಂದಿ ಸರಿಯಾಯಿತೆಂದು ಸುಮ್ಮನಾಗುತ್ತಾರೆ. ದಯವಿಟ್ಟು ಹಾಗೆ ಸುಮ್ಮನಾಗಬೇಡಿ. ಮುಂದಿನ ತಿರುವಿನಲ್ಲಿ ಅದು ಮರುಕಳಿಸುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಅದು ಬೇರೆಯೇ ತೊಂದರೆ. ಅಲ್ಲಿ ಅತಿಯಾಗಿ ಬಿಸಿಯಾಗಿರುವುದು ಡಿಸ್ಕಿಗೆ ಒತ್ತುವ ಬ್ರೇಕ್ ಪ್ಯಾಡ್.

ಕಿಲೋಮೀಟರ್ ಲೆಕ್ಕ ಏನೇ ಇರಲಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ ಮೊದಲೇ ಇದನ್ನು ಮುಗಿಸಿಕೊಳ್ಳಿ. ಜಡಿಮಳೆಯ ನಡುವೆ ಆಯಿಲ್ ಡಬ್ಬಿಯ ಮುಚ್ಚಳ ತೆರೆದು ಕೂರುವ ಕೆಲಸ ಇದಲ್ಲ.

ಯಾರು ಕೈಹಾಕಬಾರದು

ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಲ್ಲಿ, ಗುಂಡಿ ಒತ್ತಿ ಹಾಕುವ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇರುವ ಕಾರುಗಳಲ್ಲಿ ಬ್ರೇಕ್ ವ್ಯವಸ್ಥೆಯನ್ನು ಕಂಪ್ಯೂಟರ್ ಮೂಲಕ ಸರ್ವಿಸ್ ಸ್ಥಿತಿಗೆ ತರಬೇಕಾಗುವುದುಂಟು; ಅವನ್ನು ಗ್ಯಾರೇಜಿಗೇ ಬಿಡಿ. ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಗಿದೆ. ಎಬಿಎಸ್ ಇರುವ ಸಾಮಾನ್ಯ ಕಾರಿಗೆ ಇಲ್ಲಿ ಹೇಳುವ ಕ್ರಮವೇ ನಡೆಯುತ್ತದೆ. ಆದರೆ ಆಯಿಲ್ ಡಬ್ಬಿ ಒಮ್ಮೆ ಪೂರ್ತಿ ಬರಿದಾಗಿ ಎಬಿಎಸ್ ಘಟಕದೊಳಕ್ಕೆ ಗಾಳಿ ಹೊಕ್ಕರೆ, ಅದರ ಪಂಪನ್ನು ಸ್ಕ್ಯಾನರ್ ಯಂತ್ರದಿಂದ ಚಾಲನೆ ಮಾಡದೆ ಆ ಗಾಳಿ ಹೊರಬರುವುದು ಕಷ್ಟ.

ಇನ್ನೂ ಒಂದು ಮಾತು. ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಗಿದ್ದರೆ ಮೊದಲು ಕಾರಣ ಹುಡುಕಿ. ಪ್ಯಾಡ್ ಸವೆದಂತೆ ಮಟ್ಟ ಸ್ವಲ್ಪ ಸ್ವಲ್ಪವೇ ಇಳಿಯುವುದು ಸಹಜ. ಚಕ್ರದ ಒಳಬದಿ, ಟೈರಿನ ಒಳಮೈ, ಪೆಡಲಿನ ಮೇಲ್ಭಾಗದ ಕಾರ್ಪೆಟ್ ಒದ್ದೆಯಾಗಿದ್ದರೆ ಅದು ಸೋರಿಕೆ. ಸೋರುವ ವ್ಯವಸ್ಥೆಯಿಂದ ಎಷ್ಟು ಸಲ ಗಾಳಿ ತೆಗೆದರೂ ಪ್ರಯೋಜನವಿಲ್ಲ.

ಬೇಕಾಗುವ ವಸ್ತುಗಳು

ಮೊದಲು ಆಯಿಲ್. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಕೊಳ್ಳಿ. ಸಣ್ಣ ಕಾರಿಗೆ ಸಾಮಾನ್ಯವಾಗಿ ಅರ್ಧ ಲೀಟರ್ ಸಾಕಾಗಬಹುದಾದರೂ ನಡುವೆ ಖಾಲಿಯಾಗಿ ಕೆಲಸ ನಿಲ್ಲದಂತೆ ಒಂದು ಲೀಟರ್ ಇಟ್ಟುಕೊಳ್ಳುವುದು ಕ್ಷೇಮ. ಡಾಟ್ 5 ಎಂಬುದು ಸಿಲಿಕೋನ್ ಮೂಲದ ಬೇರೆಯೇ ಜಾತಿಯ ದ್ರವ, ಇವುಗಳೊಂದಿಗೆ ಬೆರೆಯುವುದಿಲ್ಲ, ಡಾಟ್ 5.1 ಅದಲ್ಲ, ಹೆಸರಿನ ಹೋಲಿಕೆಗೆ ಮೋಸಹೋಗಬೇಡಿ. ಸೀಲ್ ಒಡೆಯದ ಹೊಸ ಬಾಟಲಿಯೇ ಬೇಕು. ಕಳೆದ ವರ್ಷ ತೆರೆದು ಅಡುಗೆಮನೆಯ ಅಟ್ಟದಲ್ಲಿಟ್ಟ ಉಳಿಕೆ ಬಾಟಲಿ ನಮ್ಮ ಸೆಖೆಯ ಹವೆಯಲ್ಲಿ ಅಷ್ಟರಲ್ಲೇ ತೇವ ಕುಡಿದಿರುತ್ತದೆ.

ಉಳಿದದ್ದು ಇಷ್ಟು: ನಿಪ್ಪಲಿಗೆ ಸರಿಹೊಂದುವ ರಿಂಗ್ ಸ್ಪ್ಯಾನರ್ (ಹೆಚ್ಚಾಗಿ 8 ಅಥವಾ 10 ನಂಬರಿನದು), ನಿಪ್ಪಲಿನ ತುದಿಗೆ ಬಿಗಿಯಾಗಿ ಕೂರುವ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬ್ ಒಂದು ಮೀಟರ್, ಮುಚ್ಚಳವಿರುವ ಬಾಟಲಿ, ದೊಡ್ಡ ಸಿರಿಂಜ್, ತಂತಿ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ, ಬಟ್ಟೆ, ಕೈಗವಸು, ಕನ್ನಡಕ, ಜಾಕ್, ಚಕ್ರಕ್ಕೆ ಒಡ್ಡುವ ಮರದ ತುಂಡುಗಳು ಮತ್ತು ಎತ್ತಿದ ಕಾರನ್ನು ಹೊತ್ತು ನಿಲ್ಲುವ ಎರಡು ಜಾಕ್ ಸ್ಟ್ಯಾಂಡ್. ಬಕೆಟ್ ತುಂಬ ನೀರು ಪಕ್ಕದಲ್ಲೇ ಇರಲಿ. ಬ್ರೇಕ್ ಆಯಿಲ್ ಪೈಂಟನ್ನು ತಿನ್ನುತ್ತದೆ. ಬಿದ್ದ ಕೂಡಲೇ ಒರೆಸುವುದಲ್ಲ, ಧಾರಾಳ ನೀರು ಸುರಿದು ತೊಳೆಯಬೇಕು.

ಹಂತ 1: ಕಾರನ್ನು ನಿಲ್ಲಿಸುವುದು, ಎತ್ತುವುದು

ಕೆಲಸದ ಹಿಂದಿನ ದಿನವೇ ನಾಲ್ಕೂ ನಿಪ್ಪಲುಗಳ ಬುಡಕ್ಕೆ ತುಕ್ಕಿನ ಸ್ಪ್ರೇ ಹೊಡೆದಿಡಿ. ಮರುದಿನ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಚಕ್ರಗಳು ತಣಿಯುವವರೆಗೆ ಕಾಯಿರಿ. ಬರಿಮಣ್ಣಿನ ಅಂಗಳವಾದರೆ ಜಾಕಿನ ಕೆಳಗೂ ಸ್ಟ್ಯಾಂಡಿನ ಕೆಳಗೂ ದಪ್ಪ ಹಲಗೆ ಇಡಬೇಕು, ಇಲ್ಲವಾದರೆ ಭಾರಕ್ಕೆ ಅವು ಹೂತುಹೋಗುತ್ತವೆ. ವೀಲ್ ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ.

ಇಲ್ಲಿ ನಮ್ಮೂರಿನದೇ ಆದ ಒಂದು ಅಪಾಯವಿದೆ. ಅಂಗಳದ ಮೂಲೆಯಲ್ಲಿ ಕೆಂಪುಕಲ್ಲು ಬಿದ್ದಿರುತ್ತದೆ, ಜಾಕ್ ಸ್ಟ್ಯಾಂಡಿನ ಬದಲು ಅದನ್ನೇ ಕಾರಿನ ಅಡಿಗೆ ಕೊಡುವವರಿದ್ದಾರೆ. ಕಟ್ಟಡದ ಗೋಡೆಯಲ್ಲಿ ಸಮನಾಗಿ ಭಾರ ಹೊರುವ ಆ ಕಲ್ಲು, ಒಂದೇ ಬಿಂದುವಿನ ಮೇಲೆ ಕಬ್ಬಿಣದ ಅಂಚಿನ ಒತ್ತಡ ಬಿದ್ದರೆ ಮುನ್ಸೂಚನೆಯೇ ಇಲ್ಲದೆ ಒಡೆಯಬಹುದು. ಕೆಂಪುಕಲ್ಲಾಗಲಿ, ಸಿಮೆಂಟ್ ಬ್ಲಾಕ್ ಆಗಲಿ, ಬರೀ ಜಾಕ್ ಆಗಲಿ ಹೊತ್ತಿರುವ ಕಾರಿನ ಕೆಳಗೆ ಕೈಯನ್ನೂ ತೂರಿಸಬೇಡಿ. ಸ್ಟ್ಯಾಂಡ್ ಇಲ್ಲವಾದರೆ ಕೆಲಸವನ್ನು ಮುಂದೂಡಿ.

ಹಿಂಬದಿ ಎತ್ತುವಾಗ ಹ್ಯಾಂಡ್ ಬ್ರೇಕಿನ ಮೇಲೆ ಭರವಸೆ ಇಡಬೇಡಿ; ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು, ಅವು ಈಗ ಗಾಳಿಯಲ್ಲಿವೆ. ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಮರದ ಒಡ್ಡು ಕೊಟ್ಟು ಗೇರ್‌ನಲ್ಲಿ ಬಿಡಿ. ಮುಂಬದಿ ಎತ್ತುವಾಗ ಇದು ತಿರುಗುಮುರುಗು: ಮುಂದಿನ ಚಕ್ರಗಳಿಂದ ಚಲಿಸುವ ಕಾರಿನಲ್ಲಿ ಗೇರ್ ಉಪಯೋಗಕ್ಕೆ ಬರುವುದಿಲ್ಲ, ಹ್ಯಾಂಡ್ ಬ್ರೇಕ್ ಮತ್ತು ಹಿಂದಿನ ಒಡ್ಡುಗಳೇ ಆಧಾರ.

ಹಂತ 2: ನಿಪ್ಪಲನ್ನು ಪರೀಕ್ಷಿಸುವುದು

ಮಲ್ಪೆ, ಕಾಪು, ಸುರತ್ಕಲ್, ಪಣಂಬೂರಿನಂಥ ಕಡಲಬದಿಯ ಊರುಗಳಲ್ಲಿ ಉಪ್ಪುಗಾಳಿಗೆ ನಿಪ್ಪಲ್ ತುಕ್ಕು ಹಿಡಿದು ಕಚ್ಚಿಕೊಂಡಿರುವುದೇ ಹೆಚ್ಚು. ತಂತಿ ಬ್ರಷ್‌ನಿಂದ ಬುಡವನ್ನು ಚೊಕ್ಕ ಮಾಡಿ, ರಿಂಗ್ ಸ್ಪ್ಯಾನರನ್ನು ಪೂರ್ತಿ ಕೂರಿಸಿ, ಬಿಚ್ಚುವ ಮೊದಲು ಒಂದಿಷ್ಟೇ ಬಿಗಿಮಾಡುವ ಕಡೆಗೆ ಅಲುಗಿಸಿ, ಅನಂತರ ನಿಧಾನವಾಗಿ ಸಡಿಲಿಸಿ. ಬಾಯಿ ತೆರೆದ ಸ್ಪ್ಯಾನರ್ ಬಳಸಿದರೆ ಆರು ಮೂಲೆಗಳೂ ಉರುಟಾಗಿ ಕೆಲಸ ಕೆಡುತ್ತದೆ. ಸ್ಪ್ಯಾನರ್ ತಿರುಗುತ್ತಿದ್ದರೂ ನಿಪ್ಪಲ್ ರಬ್ಬರಿನಂತೆ ತಿರುಚಿಕೊಳ್ಳುತ್ತಿದೆ ಎನಿಸಿದರೆ ತಕ್ಷಣ ನಿಲ್ಲಿಸಿ. ಒಮ್ಮೆ ಆ ಸೂಚನೆಯನ್ನು ಲೆಕ್ಕಿಸದೆ ಬಲ ಹಾಕಿ ನಾನು ನಿಪ್ಪಲ್ ಮುರಿದಿದ್ದೇನೆ, ಕೊನೆಗೆ ವೀಲ್ ಸಿಲಿಂಡರನ್ನೇ ಬದಲಿಸಬೇಕಾಯಿತು. ನಾಲ್ಕರಲ್ಲಿ ಒಂದು ನಿಪ್ಪಲ್ ಬಿಚ್ಚದಿದ್ದರೂ ಆಯಿಲ್ ಬದಲಿಸುವ ಕೆಲಸ ಪ್ರಾರಂಭಿಸಬೇಡಿ. ನಾಲ್ಕೂ ಅಲುಗಾಡುತ್ತವೆಂದು ಖಚಿತಪಡಿಸಿಕೊಂಡು ಪುನಃ ಬಿಗಿಮಾಡಿ, ಆಮೇಲೆ ಮುಂದಿನ ಹಂತ.

ಇತ್ತೀಚೆಗೆ ಕ್ಯಾಲಿಪರ್ ಬಿಚ್ಚಿ ಜೋಡಿಸಿದ್ದರೆ ನಿಪ್ಪಲ್ ಮೇಲ್ಭಾಗದಲ್ಲೇ ಇದೆಯೇ ನೋಡಿ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿದ್ದರೆ ನಿಪ್ಪಲ್ ಕೆಳಕ್ಕೆ ಬರುತ್ತದೆ, ಗಾಳಿ ಮೇಲೆಯೇ ಉಳಿಯುತ್ತದೆ.

ಹಂತ 3: ಡಬ್ಬಿಯ ಹಳೆಯ ಆಯಿಲ್ ತೆಗೆಯುವುದು

ಎಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ ಬೂಸ್ಟರಿನ ನಿರ್ವಾತವನ್ನು ಕಳೆಯಿರಿ. ಬೂಸ್ಟರ್ ಎಂದರೆ ನಿಮ್ಮ ಕಾಲಿನ ಬಲಕ್ಕೆ ಎಂಜಿನ್ನಿನ ನೆರವು ಸೇರಿಸುವ ದುಂಡನೆಯ ಡಬ್ಬ. ಆಯಿಲ್ ಡಬ್ಬಿಯ ಸುತ್ತಲಿನ ಧೂಳನ್ನು ಒರೆಸಿದ ಮೇಲೆಯೇ ಮುಚ್ಚಳ ತೆಗೆಯಿರಿ. ಸಿರಿಂಜಿನಿಂದ ಕಂದುಬಣ್ಣದ ಹಳೆಯ ಆಯಿಲನ್ನು ಹೀರಿ, ತಳದಲ್ಲಿ ಸ್ವಲ್ಪ ಉಳಿಸಿ, ಹೊಸದನ್ನು ಮೇಲಿನ ಗೆರೆಯವರೆಗೆ ತುಂಬಿ. ತಳದ ರಂಧ್ರಗಳು ಗಾಳಿಗೆ ತೆರೆದುಕೊಳ್ಳಬಾರದೆಂಬುದಕ್ಕೇ ಸ್ವಲ್ಪ ಉಳಿಸುವುದು. ಮುಚ್ಚಳವನ್ನು ಸಡಿಲವಾಗಿ ಮೇಲಿಡಿ.

ಡಬ್ಬಿಯನ್ನು ಸೀಮೆಎಣ್ಣೆಯಿಂದಾಗಲಿ ಪೆಟ್ರೋಲಿನಿಂದಾಗಲಿ ತೊಳೆಯಬೇಡಿ. ಎಂಜಿನ್ ಆಯಿಲ್ ತಾಗಿದ ಲಾಳಿಕೆಯನ್ನೂ ಬಳಸಬೇಡಿ. ಖನಿಜ ತೈಲ ಬೆರೆತರೆ ಬ್ರೇಕಿನ ರಬ್ಬರ್ ಸೀಲುಗಳೆಲ್ಲ ಉಬ್ಬಿ, ಇಡೀ ವ್ಯವಸ್ಥೆಯನ್ನೇ ಬಿಚ್ಚಿಸಬೇಕಾದ ಸ್ಥಿತಿ ಬರುತ್ತದೆ.

ಹಂತ 4: ಯಾವ ಚಕ್ರ ಮೊದಲು

ಸರ್ವಿಸ್ ಕೈಪಿಡಿಯಲ್ಲಿ ನಿಮ್ಮ ಕಾರಿನ ಕ್ರಮ ಹೇಳಿದ್ದರೆ ಅದೇ ಅಂತಿಮ. ಇಲ್ಲವಾದರೆ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ತೊಡಗುವುದು ವಾಡಿಕೆ. ನಮ್ಮಲ್ಲಿ ಸ್ಟಿಯರಿಂಗ್ ಬಲಗಡೆ ಇರುವುದರಿಂದ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ ಎಂಬ ಅನುಕ್ರಮವಾಗುತ್ತದೆ.

ಹಂತ 5: ಒತ್ತುವುದು, ತೆರೆಯುವುದು, ಮುಚ್ಚುವುದು, ಬಿಡುವುದು

ಕೆಲಸದ ತಿರುಳು ಇದೇ, ಇಬ್ಬರು ಬೇಕು. ಒಬ್ಬರು ಪೆಡಲಿನ ಬಳಿ, ನೀವು ಚಕ್ರದ ಬಳಿ. ಪೆಡಲಿನ ಕೆಳಗೆ ಸುಮಾರು ಎರಡು ಇಂಚು ದಪ್ಪದ ಮರದ ತುಂಡು ಇಡಿ. ದಿನನಿತ್ಯ ಪಿಸ್ಟನ್ ಓಡಾಡದ ಮಾಸ್ಟರ್ ಸಿಲಿಂಡರಿನ ತುದಿಯಲ್ಲಿ ತುಕ್ಕು ಕೂತಿರುತ್ತದೆ, ಹಳೆಯ ಕಾರಿನಲ್ಲಿ ಪೆಡಲನ್ನು ನೆಲಮುಟ್ಟ ತುಳಿದರೆ ರಬ್ಬರ್ ಸೀಲ್ ಅಲ್ಲಿ ಉಜ್ಜಿ ಹರಿಯಬಹುದು.

ನಿಪ್ಪಲಿಗೆ ಮೊದಲು ಸ್ಪ್ಯಾನರ್, ಅದರ ಮೇಲೆ ಟ್ಯೂಬ್ ಹಾಕಿ. ಟ್ಯೂಬಿನ ಇನ್ನೊಂದು ತುದಿ ಬಾಟಲಿಯಲ್ಲಿ ಸ್ವಲ್ಪ ಹೊಸ ಆಯಿಲಿನೊಳಗೆ ಮುಳುಗಿರಲಿ. ಟ್ಯೂಬ್ ನಿಪ್ಪಲಿನಿಂದ ಮೇಲಕ್ಕೆ ಎದ್ದು ಬಾಗಿ ಇಳಿಯುವಂತಿದ್ದರೆ ಗುಳ್ಳೆಗಳು ಕಣ್ಣಿಗೆ ಚೆನ್ನಾಗಿ ಕಾಣುತ್ತವೆ. ನಂತರದ ಕ್ರಮ ಹೀಗೆ: ನೀವು “ಒತ್ತಿ” ಎನ್ನುತ್ತೀರಿ. ಪೆಡಲಿನ ಬಳಿ ಇರುವವರು ನಿಧಾನವಾಗಿ ಒತ್ತಿ, ಬಲ ಬಿಡದೆ, “ಒತ್ತಿದ್ದೇನೆ” ಎಂದು ಹೇಳಬೇಕು. ನೀವು ನಿಪ್ಪಲನ್ನು ಕಾಲು ಸುತ್ತಿನಷ್ಟು ತೆರೆಯುತ್ತೀರಿ. ಆಯಿಲ್ ಹೊರಬಂದು ಪೆಡಲ್ ಮರದ ತುಂಡಿನ ಮೇಲೆ ಇಳಿಯುತ್ತದೆ. ಕಾಲು ಅಲ್ಲೇ ಇರಬೇಕು. ನೀವು ನಿಪ್ಪಲ್ ಮುಚ್ಚಿ, ಮುಚ್ಚಿದ ಮೇಲೆಯೇ “ಬಿಡಿ” ಎನ್ನುತ್ತೀರಿ. ಆಗ ಕಾಲು ಮೇಲಕ್ಕೆ, ನಿಧಾನವಾಗಿ.

ತೆರೆದ ನಿಪ್ಪಲ್ ಇರುವಾಗ ಕಾಲು ಮೇಲೆದ್ದರೆ ಮಾಸ್ಟರ್ ಸಿಲಿಂಡರ್ ಹಿಂದಕ್ಕೆ ಎಳೆದುಕೊಳ್ಳುತ್ತದೆ, ನಿಪ್ಪಲಿನ ಸ್ಕ್ರೂ ಎಳೆಗಳ ಸಂದಿನಿಂದ ಗಾಳಿ ಒಳಬರುತ್ತದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚಾಗಿ ಆಗುವ ತಪ್ಪು ಇದೇ. ಪೆಡಲ್ ಇಳಿಯುತ್ತಿರುವಾಗ ಹೊಸಬರು ಗಾಬರಿಯಿಂದ ಕಾಲು ತೆಗೆದುಬಿಡುತ್ತಾರೆ. ಇಳಿಯುವುದು ಸಹಜವೆಂದು ಮೊದಲೇ ಹೇಳಿಡಿ. ಮಾತು ಕನ್ನಡದಲ್ಲಿರಲಿ, ತುಳುವಿನಲ್ಲಿರಲಿ, ಕೊಂಕಣಿ, ಬ್ಯಾರಿಯಲ್ಲಿರಲಿ. ಯಾವ ಪದಕ್ಕೆ ಏನು ಮಾಡಬೇಕೆಂಬುದನ್ನು ಎಂಜಿನ್ ಆಫ್ ಇರುವಾಗ, ನಿಪ್ಪಲ್ ಮುಚ್ಚಿರುವಾಗ ಎರಡು ಸಲ ಅಭ್ಯಾಸ ಮಾಡಿಕೊಳ್ಳಿ. ಪೆಡಲನ್ನು ಪಟಪಟನೆ ತುಳಿಯುವುದೂ ಬೇಡ, ದೊಡ್ಡ ಗುಳ್ಳೆ ಒಡೆದು ನೊರೆಯಾಗಿ ಹರಡಿದರೆ ತೆಗೆಯುವುದು ಇನ್ನೂ ಕಷ್ಟ.

ಐದಾರು ಸಲ ಒತ್ತಿಸಿದ ನಂತರ ಪ್ರತಿಬಾರಿಯೂ ಎದ್ದು ಹೋಗಿ ಡಬ್ಬಿ ನೋಡಿ, ಅರ್ಧಕ್ಕಿಂತ ಕೆಳಗೆ ಇಳಿಯುವ ಮೊದಲೇ ತುಂಬಿ. ಡಬ್ಬಿ ಬರಿದಾದರೆ ಮಾಡಿದ್ದೆಲ್ಲ ವ್ಯರ್ಥ, ಎಬಿಎಸ್ ಇರುವ ಕಾರಾದರೆ ಗ್ಯಾರೇಜಿನ ಖರ್ಚೂ ಸೇರುತ್ತದೆ. ಬಾಟಲಿಯಿಂದ ಬಂದ ಹಳೆಯ ಆಯಿಲನ್ನು ಎಷ್ಟೇ ತಿಳಿಯಾಗಿ ಕಂಡರೂ ಪುನಃ ಡಬ್ಬಿಗೆ ಹಾಕಬೇಡಿ.

ಟ್ಯೂಬಿನಲ್ಲಿ ಗುಳ್ಳೆ ನಿಂತು, ತಿಳಿ ಜೇನಿನ ಬಣ್ಣದ ಹೊಸ ಆಯಿಲ್ ಬರತೊಡಗಿದ ಮೇಲೂ ಮೂರು ನಾಲ್ಕು ಸಲ ಮುಂದುವರಿಸಿ. ನಿಪ್ಪಲನ್ನು ಬಿಗಿಮಾಡುವಾಗ ಮಣಿಕಟ್ಟಿನ ಬಲ ಸಾಕು. ತೋಳಿನ ಬಲ ಹಾಕಿದರೆ ಟೊಳ್ಳು ಸ್ಕ್ರೂ ಮುರಿಯುತ್ತದೆ. ನಿಪ್ಪಲಿನ ತೂತಿನಲ್ಲಿ ಉಳಿದ ಆಯಿಲನ್ನು ಒರೆಸಿ ರಬ್ಬರ್ ಟೊಪ್ಪಿ ಹಾಕಿ. ಆ ಸಣ್ಣ ಟೊಪ್ಪಿ ಕಳೆದುಹೋಗಿದ್ದರೆ ಹೊಸದು ತನ್ನಿ. ಉಪ್ಪುನೀರು ನಿಪ್ಪಲಿನ ಒಳಗೆ ಇಳಿಯದಂತೆ ತಡೆಯುವುದು ಅದೊಂದೇ. ಇದೇ ಕ್ರಮವನ್ನು ಉಳಿದ ಮೂರು ಚಕ್ರಗಳಿಗೂ ಅನುಸರಿಸಿ.

ಒಬ್ಬರೇ ಇದ್ದರೆ, ಹಿಮ್ಮುಖವಾಗಿ ಗಾಳಿ ಬಿಡದ ಕವಾಟವಿರುವ ಟ್ಯೂಬ್ ಸಿಗುತ್ತದೆ. ಕೈಪಂಪಿನಿಂದ ಹೀರುವ ಸಲಕರಣೆಯೂ ಉಂಟು. ಅದರಲ್ಲಿ ನಿಪ್ಪಲಿನ ಎಳೆಗಳ ಸಂದಿನಿಂದ ಗಾಳಿ ಸೇರಿ ಕೊನೆಯವರೆಗೂ ಗುಳ್ಳೆ ಕಾಣುವುದರಿಂದ ಕೆಲಸ ಮುಗಿಯಿತೋ ಇಲ್ಲವೋ ತಿಳಿಯುವುದು ಕಷ್ಟ. ಮೊದಲ ಸಲ ಮಾಡುವವರು ಇಬ್ಬರಾಗಿಯೇ ಮಾಡಿ.

ಹಂತ 6: ರಸ್ತೆಗಿಳಿಯುವ ಮುನ್ನ ಪರೀಕ್ಷೆ

ಡಬ್ಬಿಯನ್ನು ಮೇಲಿನ ಗೆರೆಗೆ ತುಂಬಿ ಮುಚ್ಚಳ ಬಿಗಿಮಾಡಿ, ಪೆಡಲಿನ ಕೆಳಗಿನ ಮರದ ತುಂಡನ್ನು ಮರೆಯದೆ ತೆಗೆಯಿರಿ. ಎಂಜಿನ್ ಆಫ್ ಇರುವಾಗ ಪೆಡಲ್ ಒತ್ತಿದರೆ ಕಲ್ಲಿನಂತೆ ನಿಲ್ಲಬೇಕು. ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ನಿಧಾನವಾಗಿ ಇಳಿಯುತ್ತಾ ಹೋದರೆ ಎಲ್ಲಿಯೋ ಸೋರಿಕೆಯಿದೆ ಅಥವಾ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಒತ್ತಿ ಹಿಡಿದಿರುವಾಗಲೇ ನಾಲ್ಕೂ ನಿಪ್ಪಲುಗಳನ್ನು ಇನ್ನೊಬ್ಬರು ಟಾರ್ಚ್ ಹಿಡಿದು ನೋಡಲಿ. ಪೆಡಲ್ ಒತ್ತಿಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿದಾಗ ಅದು ಸ್ವಲ್ಪ ಇಳಿದು ನಿಲ್ಲುತ್ತದೆ. ಅದು ಬೂಸ್ಟರಿನ ಕೆಲಸ, ಹೆದರಬೇಕಾಗಿಲ್ಲ.

ಒಂದು ಸಲ ಒತ್ತಿದರೆ ಆಳಕ್ಕೆ ಹೋಗಿ ಎರಡನೆಯ ಸಲಕ್ಕೆ ಮೇಲೆಯೇ ಗಟ್ಟಿಯಾಗುವ ಪೆಡಲ್ ಗಾಳಿಯಿಂದಲೇ ಹಾಗಾಗಿರಬೇಕೆಂದಿಲ್ಲ. ಹಿಂದಿನ ಡ್ರಮ್ಮಿನ ಶೂಗಳು ಸವೆದು ಅಂತರ ಹೆಚ್ಚಾದರೂ ಹಾಗೆಯೇ ಆಗುತ್ತದೆ. ಎರಡು ಸುತ್ತು ಸರಿಯಾಗಿ ಬ್ಲೀಡಿಂಗ್ ಮಾಡಿದ ಮೇಲೂ ಪೆಡಲ್ ಮೆತ್ತಗಿದ್ದರೆ ಶೂ ಹೊಂದಾಣಿಕೆ, ಉಬ್ಬಿದ ರಬ್ಬರ್ ಹೋಸ್, ಮಾಸ್ಟರ್ ಸಿಲಿಂಡರ್, ಎಬಿಎಸ್ ಘಟಕ, ಇವನ್ನು ತಿಳಿದವರಿಂದ ನೋಡಿಸಬೇಕು. ಆಗ ಕಾರನ್ನು ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕನ್ನು ಮನೆಗೆ ಕರೆಸಿ ಅಥವಾ ಟೋ ಮಾಡಿಸಿ.

ಎಲ್ಲವೂ ಸರಿಯಿದ್ದರೆ ಚಕ್ರಗಳನ್ನು ಇಳಿಸಿ, ನಟ್ಟುಗಳನ್ನು ಒಂದಕ್ಕೊಂದು ಎದುರಾಗಿ ಬಿಗಿಮಾಡಿ, ಗೇಟಿನೊಳಗೇ ನಡಿಗೆಯ ವೇಗದಲ್ಲಿ ಐದಾರು ಸಲ ನಿಲ್ಲಿಸಿ ನೋಡಿ. ಬಳಿಕ ಜನವಿಲ್ಲದ ಒಳರಸ್ತೆ. ಹೆದ್ದಾರಿ 66 ಆಮೇಲೆ. ಘಾಟಿಯ ಪ್ರಯಾಣವನ್ನಂತೂ ಕೆಲವು ದಿನ ಊರಿನೊಳಗೆ ಓಡಿಸಿ ನೋಡಿದ ನಂತರವೇ ಇಟ್ಟುಕೊಳ್ಳಿ, ಇಳಿಯುವಾಗ ಎರಡನೆಯ ಗೇರ್‌ನಲ್ಲೇ ಇಳಿಯಿರಿ.

ಹಂತ 7: ಹಳೆಯ ಆಯಿಲ್

ಇದು ವಿಷ. ಕುಡಿಯುವ ನೀರಿನ ಬಾಟಲಿಯಲ್ಲಿ ಶೇಖರಿಸಿದ್ದರೆ ಮಕ್ಕಳು ಜ್ಯೂಸೆಂದು ಬಾಯಿಗಿಟ್ಟಾರು. ಹೆಸರು ಬರೆದು, ಮುಚ್ಚಳ ಬಿಗಿದು, ಕೈಗೆಟುಕದಂತೆ ಇಡಿ. ಕಣ್ಣಿಗೆ ಹಾರಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರನ್ನು ಕಾಣಿ. ತೆಂಗಿನ ಬುಡಕ್ಕಾಗಲಿ ಚರಂಡಿಗಾಗಲಿ ಸುರಿಯಲೇಬೇಡಿ. ನಮ್ಮ ಅಂಗಳದ ಕೆಳಗಿನ ಕೆಂಪುಕಲ್ಲಿನ ಪದರದಲ್ಲಿ ನೀರು ಸಲೀಸಾಗಿ ಇಳಿಯುತ್ತದೆ, ಹತ್ತು ಹೆಜ್ಜೆಯಾಚೆ ಮನೆಯ ಬಾವಿಯಿರುತ್ತದೆ. ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ, ಎಂಜಿನ್ ಆಯಿಲಿನೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಕೊಡಿ.

ಮರುದಿನ ಬೆಳಿಗ್ಗೆ ಕಾರು ತೆಗೆಯುವ ಮೊದಲು ನಾಲ್ಕೂ ಚಕ್ರಗಳ ಒಳಬದಿಯನ್ನೂ ಡಬ್ಬಿಯ ಮಟ್ಟವನ್ನೂ ಇನ್ನೊಮ್ಮೆ ನೋಡಿ, ಕೆಲಸ ಮಾಡಿದ ತಿಂಗಳು ಮತ್ತು ವರ್ಷವನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್‌ನ ಒಳಮೈಗೆ ಅಂಟಿಸಿಡಿ.